ಪಾದರಕ್ಷೆಯೂ ಪಾದರಕ್ಷಣೆಯೂ

ಪಾದಕ್ಕೆ ನಮ್ಮ ನಾಡಿನಲ್ಲಿ ಸಲ್ಲುವ ಮರ್ಯಾದೆ ಸಾಮಾನ್ಯವಾದುದಲ್ಲ. ಹಿರಿಯರನ್ನು ಕಂಡರೆ ಪಾದಕ್ಕೆ ಎರಗುತ್ತೇವೆ. ಮದುವೆಯ ಮನೆಯಲ್ಲಿ ಅಳಿಯನ ಪಾದವನ್ನು ತೊಳೆಯುತ್ತೇವೆ. ಅಣ್ಣನ ಪಾದುಕೆಗಳನ್ನು ಸಿಂಹಾಸನದ ಮೇಲಿರಿಸಿ ಹದಿನಾಲ್ಕು ವರ್ಷ ರಾಜ್ಯಭಾರ ಮಾಡಿದ ಭರತನ ಕಥೆಯನ್ನು ಅರಿಯದ ಮಕ್ಕಳಿಲ್ಲ. ಪರರ ಪಾದಕ್ಕೆ ಇಷ್ಟು ಗೌರವವನ್ನು ತೋರುವ ನಾವು ನಮ್ಮ ಸ್ವಂತ ಪಾದವನ್ನು ಎತ್ತಿ ನೋಡಿಕೊಳ್ಳುವುದು ಮಾತ್ರ ಬಲು ಅಪರೂಪ. ಮುಖಕ್ಕೆ ದಿನಕ್ಕೆ ನಾಲ್ಕು ಬಾರಿ ಕನ್ನಡಿಯ ಸೇವೆ ನಡೆಯುತ್ತದೆ. ಅಂಗಾಲಿನ ನೆನಪು ಮುಳ್ಳು ಚುಚ್ಚಿದಾಗ ಬರುತ್ತದೆ. ಮುಳ್ಳು ಕಿತ್ತೊಡನೆ ಹೋಗುತ್ತದೆ.

ಈ ಹೊತ್ತು ನಾನು ಹೇಳಬೇಕೆಂದಿರುವುದು ಉದ್ಯೋಗಕ್ಕೆ ಹೋಗುವ ಹೆಂಗಸರ ಪಾದವನ್ನು ಕುರಿತು. ಎಲ್ಲರ ಬಾಯಲ್ಲಿಯೂ ಹೈ ಹೀಲ್ಸ್ ಎನ್ನಿಸಿಕೊಂಡಿರುವ ಎತ್ತರದ ಹಿಮ್ಮಡಿಯ ಪಾದರಕ್ಷೆಯು ಆ ಪಾದಕ್ಕೂ, ಕಾಲಿನ ಹರಡಿಗೂ, ಅಂದರೆ ಗಿಣ್ಣಿನ ಕೀಲಿಗೂ, ಏನು ಮಾಡುತ್ತದೆ ಎಂಬುದೇ ವಿಷಯ. ಉದಾಹರಣೆಗೆಂದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನು ಆರಿಸಿಕೊಂಡಿದ್ದೇನೆ. ಕಬ್ಬಿನ ಗದ್ದೆಗೂ ಹೈ ಹೀಲ್ಸಿಗೂ ಎಲ್ಲಿಯ ಸಂಬಂಧ ಎಂದು ತಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಸಂಬಂಧವುಂಟು. ಮೈಸೂರಿನ ಬಟ್ಟೆಯ ಅಂಗಡಿ, ಒಡವೆಯ ಅಂಗಡಿ, ಹೋಟೆಲು, ಆಸ್ಪತ್ರೆಗಳಲ್ಲಿ ನಮ್ಮನ್ನು ನಗುಮುಖದಿಂದ ಎದುರುಗೊಳ್ಳುವ ತರುಣಿಯರಲ್ಲಿ ಈ ಊರುಗಳಿಂದ ಬೆಳಗಿನ ಬಸ್ಸನ್ನೋ ರೈಲನ್ನೋ ಹಿಡಿದು ಬಂದವರೂ ಇದ್ದಾರೆ. ಮೇಜಿನ ಮೇಲೆ ಕಾಣುವ ನಗುವನ್ನು ನಾವು ನೋಡುತ್ತೇವೆ. ಮೇಜಿನ ಕೆಳಗಿರುವ ಪಾದದ ಅವಸ್ಥೆ ನಮಗೆ ತಿಳಿಯದು.

ಈ ತಾಲ್ಲೂಕುಗಳ ಹೆಂಗಸು ಹಿಂದಿನಿಂದಲೂ ದುಡಿಮೆಗಾರಳು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವೆಡೆಯಲ್ಲಿ ಮೊಣಕಾಲ ಕೆಸರಿನಲ್ಲಿ ಬಗ್ಗಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು ನಾಟಿ ಹಾಕಿದವಳು ಅವಳು. ನಾಲೆಯ ನೀರಿಲ್ಲದ ನಾಗಮಂಗಲದ ಬೆದ್ದಲುಗಳಲ್ಲಿ ರಾಗಿಯ ಕಳೆ ಕಿತ್ತವಳೂ ಅವಳೇ. ಅಂತಹ ಪಾದದ ಬೆರಳುಗಳು ಬೀಸಣಿಗೆಯಂತೆ ಅಗಲವಾಗಿ ಹರಡಿರುತ್ತವೆ; ಕೆಸರಿನಲ್ಲಿ ಜಾರದಂತೆ ನೆಲವನ್ನು ಹಿಡಿಯುವುದನ್ನು ಅವು ಬಾಲ್ಯದಿಂದಲೇ ಕಲಿತಿರುತ್ತವೆ. ಈಚಿನ ಎರಡು ಮೂರು ತಲೆಮಾರುಗಳಲ್ಲಿ ಈ ಪಾದದ ಕೆಳಗಿನ ನೆಲವೇ ಬದಲಾಯಿತು. ಮಣ್ಣು ಹೋಗಿ ಸಿಮೆಂಟು ಬಂತು, ನುಣುಪಾದ ಟೈಲ್ಸ್ ಬಂತು. ಮಗಳು ಶಿಕ್ಷಕಿಯಾದಳು, ದಾದಿಯಾದಳು, ಬ್ಯಾಂಕಿನ ಗುಮಾಸ್ತೆಯಾದಳು, ಹೊಲಿಗೆಯ ಕಾರ್ಖಾನೆಗೆ ಸೇರಿದಳು. 2020ರ ಜೂನ್ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಒಂದು ಸಿದ್ಧ ಉಡುಪಿನ ಕಾರ್ಖಾನೆಯ ಬಾಗಿಲು ಮುಚ್ಚಿದಾಗ ಸಾವಿರಕ್ಕೂ ಮಿಕ್ಕ ಕೆಲಸಗಾರರು ಕೆಲಸವನ್ನು ಕಳೆದುಕೊಂಡರು. ಅವರಲ್ಲಿ ಬಹುಪಾಲು ಹೆಂಗಸರು. ಹಳ್ಳಿಯ ಸಂಸಾರಗಳು ಇಂದು ಎಷ್ಟರಮಟ್ಟಿಗೆ ಹೆಣ್ಣುಮಕ್ಕಳ ಸಂಬಳವನ್ನು ನಂಬಿವೆ ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಆ ಸಂಬಳ ನಿಂತಿರುವುದು ಪಾದದ ಮೇಲೆ.

ಪಾದದ ರಚನೆಯನ್ನು ಸ್ವಲ್ಪ ನೋಡೋಣ. ಪ್ರಾಯಕ್ಕೆ ಬಂದ ಮನುಷ್ಯನ ದೇಹದಲ್ಲಿ ಸಾಮಾನ್ಯವಾಗಿ 206 ಮೂಳೆಗಳು. ಒಂದೊಂದು ಪಾದದಲ್ಲಿ 26. ಎರಡೂ ಸೇರಿ 52. ಎಂದರೆ ದೇಹದ ಮೂಳೆಗಳಲ್ಲಿ ಕಾಲು ಭಾಗ ಕಾಲಿನ ಕೊನೆಯಲ್ಲಿಯೇ ಇವೆ! ಇಷ್ಟು ಸಣ್ಣ ಸಣ್ಣ ತುಂಡುಗಳನ್ನು ನೂರಕ್ಕೂ ಹೆಚ್ಚು ಕಟ್ಟುಗಳು ಬಿಗಿದು ಹಿಡಿದಿವೆ. ಹೀಗೆ ಕಟ್ಟಿದ ಪಾದ ಹಲಗೆಯಂತೆ ಚಪ್ಪಟೆಯಾಗಿಲ್ಲ, ಬಿಲ್ಲಿನಂತೆ ಬಾಗಿದೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪನಾದ ಪಟ್ಟಿ ಬಿಗಿದುಕೊಂಡಿದೆ. ಅದೇ ಈ ಬಿಲ್ಲಿನ ಹೆದೆ. ಹೆಜ್ಜೆ ಊರಿದಾಗ ಬಿಲ್ಲು ಸ್ವಲ್ಪ ಇಳಿದು ಪೆಟ್ಟನ್ನು ನುಂಗುತ್ತದೆ. ಹೆಜ್ಜೆ ಎತ್ತುವಾಗ ಬೆರಳು ಮೇಲಕ್ಕೆ ಬಾಗಿ, ಹೆದೆ ಬಿಗಿದು, ಬಿಲ್ಲು ಮತ್ತೆ ಎದ್ದು ದೇಹವನ್ನು ಮುಂದಕ್ಕೆ ನೂಕುತ್ತದೆ. ಬರಿಗಾಲಿನಲ್ಲಿ ನೆಟ್ಟಗೆ ನಿಂತಾಗ ನಮ್ಮ ತೂಕದ ಅರ್ಧಕ್ಕೂ ಹೆಚ್ಚು ಪಾಲನ್ನು ಹಿಮ್ಮಡಿಯೇ ಹೊರುತ್ತದೆ. ಪಾದದ ಮೂಳೆಗಳಲ್ಲೆಲ್ಲ ದೊಡ್ಡದು ಅಲ್ಲಿಯೇ ಇರುವುದು. ಅದರ ಕೆಳಗೆ ಕೊಬ್ಬಿನ ಮೆತ್ತೆಯೂ ಉಂಟು.

ಈಗ ಈ ಹಿಮ್ಮಡಿಯ ಕೆಳಗೆ ಮೂರು ನಾಲ್ಕು ಅಂಗುಲದ ಗೂಟವೊಂದನ್ನು ನಿಲ್ಲಿಸುವ ಯೋಚನೆ ಯಾರಿಗೆ ಬಂತು? ಮೊದಲು ಬಂದದ್ದು ಹೆಂಗಸರಿಗಲ್ಲ. ಪಾರಸಿಕ ದೇಶದ ಕುದುರೆ ಸವಾರರು ರಿಕಾಬಿನಲ್ಲಿ ಕಾಲು ಜಾರದೆ ನಿಲ್ಲಲೆಂದು ಹಿಮ್ಮಡಿಯುಳ್ಳ ಮೆಟ್ಟುಗಳನ್ನು ತೊಡುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಅದು ಯೂರೋಪಿನ ಶ್ರೀಮಂತ ಗಂಡಸರ ಕಾಲಿಗೆ ಏರಿತು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಕೆಂಪು ಹಿಮ್ಮಡಿಯನ್ನು ತನ್ನ ಆಸ್ಥಾನದ ಗೌರವಚಿಹ್ನೆಯನ್ನಾಗಿಯೇ ಮಾಡಿಕೊಂಡಿದ್ದನು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಕುದುರೆಯೇರಿದ ಯೋಧರ ಸಾಲುಗಳನ್ನು ತಾವು ನೋಡಿರಬಹುದು. ಅಂತಹ ಸವಾರರ ಕಾಲಿಗೆ ಉಪಯುಕ್ತವಾದ ವಸ್ತುವನ್ನು, ಕುದುರೆಯನ್ನು ಎಂದೂ ಏರದ ಹೆಂಗಸರ ಕಾಲಿಗೆ ಕಟ್ಟಿದವರು ಆಮೇಲಿನವರು. ಗಂಡಸರು ಹದಿನೆಂಟನೆಯ ಶತಮಾನದಲ್ಲಿ ಅದನ್ನು ಮೆಲ್ಲಗೆ ಕಳಚಿಟ್ಟರು. 1950ರ ದಶಕದಲ್ಲಿ ಹಿಮ್ಮಡಿಯೊಳಗೆ ಉಕ್ಕಿನ ಸಣ್ಣ ಸಲಾಕೆಯನ್ನು ಹುದುಗಿಸುವ ಉಪಾಯ ಬಳಕೆಗೆ ಬಂದಮೇಲೆ ಸೂಜಿಯಂತಹ ಹಿಮ್ಮಡಿ ಸಾಧ್ಯವಾಯಿತು. ಇಂದು ಅದು ಜಿಲ್ಲಾಕೇಂದ್ರದ ಅಂಗಡಿಬೀದಿಯಲ್ಲಿಯೂ ಸುಲಭಬೆಲೆಗೆ ದೊರೆಯುತ್ತದೆ. ಪದವಿ ಮುಗಿಸಿ ಸಂದರ್ಶನಕ್ಕೆ ಹೊರಟ ಹುಡುಗಿಗೆ, ಅದಿಲ್ಲದಿದ್ದರೆ ನಗರದವಳಂತೆ ಕಾಣುವುದಿಲ್ಲವೆಂಬ ಅಂಜಿಕೆಯೂ ಜೊತೆಗೆ ದೊರೆಯುತ್ತದೆ.

ಹಿಮ್ಮಡಿಯನ್ನು ಎತ್ತಿದರೆ ದೇಹದ ತೂಕ ಕಡಿಮೆಯಾಗುವುದಿಲ್ಲ. ಅದು ಜಾಗ ಬದಲಾಯಿಸುತ್ತದೆ, ಅಷ್ಟೆ. ಹಿಂದೆ ಇದ್ದದ್ದು ಮುಂದಕ್ಕೆ ಸರಿಯುತ್ತದೆ. ದೊಡ್ಡ ಮೂಳೆ ಹೊರಬೇಕಾದುದನ್ನು ಬೆರಳ ಬುಡದ ಸಣ್ಣ ಮೂಳೆಗಳು ಹೊರಬೇಕಾಗುತ್ತದೆ. ಮೇಲುಕೋಟೆಯ ಯೋಗನರಸಿಂಹನ ಬೆಟ್ಟವನ್ನು ಹತ್ತಿ ಇಳಿದವರಿಗೆ ಅನುಭವವುಂಟು. ಹತ್ತುವಾಗ ಉಸಿರಿಗೆ ಕಷ್ಟ; ಇಳಿಯುವಾಗ ಮುಂಗಾಲಿಗೂ ಮಂಡಿಗೂ ಕಷ್ಟ. ಎತ್ತರದ ಹಿಮ್ಮಡಿ ತೊಟ್ಟವಳು ಸಮನೆಲದಲ್ಲಿ ಸುಮ್ಮನೆ ನಿಂತಿದ್ದರೂ ಅವಳ ಪಾದದ ಮಟ್ಟಿಗೆ ಬೆಟ್ಟದಿಂದ ಇಳಿಯುತ್ತಲೇ ಇರುತ್ತಾಳೆ. ಬೆಟ್ಟ ಒಂದೆಡೆ ಮುಗಿಯುತ್ತದೆ. ಎಂಟು ಗಂಟೆಯ ಪಾಳಿ ಬೇಗ ಮುಗಿಯುವುದಿಲ್ಲ.

ಇದರ ಫಲವನ್ನು ಮೊದಲು ಅನುಭವಿಸುವುವು ಬೆರಳುಗಳು. ಎತ್ತರದ ಹಿಮ್ಮಡಿಯ ಜೋಡಿನ ಮುಂಭಾಗ ಸಾಮಾನ್ಯವಾಗಿ ಚೂಪು. ಪಾದ ಇಳಿಜಾರಿನಲ್ಲಿ ಜಾರಿ ಆ ಚೂಪಿನೊಳಕ್ಕೆ ತುರುಕಿಕೊಳ್ಳುತ್ತದೆ. ಹೆಬ್ಬೆರಳು ಪಕ್ಕದ ಬೆರಳುಗಳ ಕಡೆಗೆ ವಾಲುತ್ತದೆ, ಅದರ ಬುಡದಲ್ಲಿ ಗಂಟು ಎದ್ದುನಿಲ್ಲುತ್ತದೆ. ಉಳಿದ ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ. ತಿಕ್ಕಾಟವಾಗುವೆಡೆಯಲ್ಲಿ ಆಣಿ ಬೆಳೆಯುತ್ತದೆ. ವಾಲುವ ಹೆಬ್ಬೆರಳಿಗೆ ವಂಶದ ಪ್ರಭಾವವೂ ಕಾರಣವೆಂಬುದನ್ನು ಮರೆಯಬಾರದು. ಆದರೂ ಜೋಡಿನ ಪಾಲು ಎಷ್ಟೆಂಬುದನ್ನು ಹಾಂಗ್‌ಕಾಂಗಿನ ವೈದ್ಯರಿಬ್ಬರು 1958ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಚೆನ್ನಾಗಿ ತೋರಿಸಿಕೊಟ್ಟಿತು. ಒಂದೇ ಜನಾಂಗದವರಲ್ಲಿ ಜೋಡು ತೊಡುವ ಅಭ್ಯಾಸವುಳ್ಳವರಲ್ಲಿ ಶೇಕಡ 33 ಮಂದಿಗೆ ಹೆಬ್ಬೆರಳು ವಾಲಿತ್ತು. ಬರಿಗಾಲಿನವರಲ್ಲಿ ಶೇಕಡ 1.9 ಮಂದಿಗೆ ಮಾತ್ರ.

ಎರಡನೆಯದು ಹರಡಿನ ಕೀಲು. ಮೊಳಕಾಲಿನ ಕೆಳಗಿನ ಎರಡು ಮೂಳೆಗಳ ತುದಿ ಸೇರಿ ಬಡಗಿಯ ಕೆಲಸದ ತೂತಿನಂತೆ ಒಂದು ಕಚ್ಚನ್ನು ರಚಿಸುತ್ತವೆ. ಪಾದದ ಮೇಲಿನ ಮೂಳೆ ಅದರೊಳಗೆ ಬೆಣೆಯಂತೆ ಕೂರುತ್ತದೆ. ಈ ಬೆಣೆ ಮುಂದೆ ಅಗಲ, ಹಿಂದೆ ಕಿರಿದು. ಪಾದ ಸಮನಾಗಿದ್ದಾಗ ಅಗಲಭಾಗ ಕಚ್ಚಿನಲ್ಲಿ ಬಿಗಿಯಾಗಿ ಕೂತು ಕೀಲು ಗಟ್ಟಿಯಾಗಿರುತ್ತದೆ. ಹಿಮ್ಮಡಿ ಎತ್ತರವಾಗಿ ಬೆರಳು ಕೆಳಗಾದರೆ ಕಿರಿದಾದ ಭಾಗ ಕಚ್ಚಿಗೆ ಬಂದು ಕೀಲು ಸಡಿಲವಾಗುತ್ತದೆ. ಅಂತಹ ಹೊತ್ತಿನಲ್ಲಿ ಬಸ್ಸು ನಿಲ್ದಾಣದ ಒಂದು ಜಲ್ಲಿಕಲ್ಲು ಸಾಕು. ಪಾದ ಒಳಮಗ್ಗುಲಿಗೆ ಹೊರಳಿ ಹೊರಗಡೆಯ ಕಟ್ಟು ಹರಿಯುತ್ತದೆ. ನಾವು ಉಳುಕು ಎಂದು ಹಗುರವಾಗಿ ಹೇಳುವುದು ಇದನ್ನೇ. ಒಮ್ಮೆ ಚೆನ್ನಾಗಿ ವಾಸಿಯಾಗದ ಉಳುಕು ಮತ್ತೆ ಮತ್ತೆ ಉಳುಕುತ್ತದೆ.

ಮೂರನೆಯದು ಮೀನಖಂಡ. ಹಿಮ್ಮಡಿ ಸದಾ ಮೇಲೆಯೇ ಇದ್ದರೆ ಮೀನಖಂಡದ ಸ್ನಾಯು ಪೂರ್ತಿಯಾಗಿ ಚಾಚಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಬಳಸದ ಉದ್ದವನ್ನು ದೇಹ ಉಳಿಸಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಹೈ ಹೀಲ್ಸ್ ತೊಟ್ಟ ಹೆಂಗಸರನ್ನು ಪರೀಕ್ಷಿಸಿ 2010ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಪ್ರಕಟಿಸಿದ ವರದಿಯಂತೆ, ಅವರ ಮೀನಖಂಡದ ಎಳೆಗಳು ಇತರರಿಗಿಂತ ಹತ್ತರಲ್ಲೊಂದು ಪಾಲಿಗೂ ಮಿಕ್ಕು ಮೋಟಾಗಿದ್ದುವು. ಹಿಮ್ಮಡಿಗೆ ಇಳಿಯುವ ದಪ್ಪ ಹುರಿ ಗಡುಸಾಗಿತ್ತು. ಭಾನುವಾರ ಮನೆಯಲ್ಲಿ ಬರಿಗಾಲಿನಲ್ಲಿ ಓಡಾಡಿದರೆ ನೋವು, ಸೋಮವಾರ ಹೀಲ್ಸ್ ತೊಟ್ಟರೆ ಹಿತ ಎನ್ನುವವರಿದ್ದಾರೆ. ಆ ಹಿತವನ್ನು ನಂಬಬಾರದು. ಅದು ಕಾಲು ಕುಗ್ಗಿರುವುದರ ಲಕ್ಷಣ. ಇನ್ನು ಮಂಡಿಯ ಮಾತು. ಹೈ ಹೀಲ್ಸ್‌ನಲ್ಲಿ ನಡೆಯುವಾಗ ಮಂಡಿಯ ಒಳಮಗ್ಗುಲಿನ ಮೇಲೆ ಬೀಳುವ ಒತ್ತಡ ಸರಾಸರಿ ಶೇಕಡ 23ರಷ್ಟು ಹೆಚ್ಚುತ್ತದೆಂದು ಅಮೆರಿಕದ ವೈದ್ಯರು 1998ರಲ್ಲಿ ಲೆಕ್ಕಹಾಕಿದರು. ಹಿಮ್ಮಡಿ ಅಗಲವಾಗಿದ್ದರೆ ತೊಂದರೆಯಿಲ್ಲ ಎಂಬ ಸಮಾಧಾನವನ್ನೂ ಅದೇ ವೈದ್ಯರು 2001ರಲ್ಲಿ ಮುರಿದರು. ಅಗಲ ಹಿಮ್ಮಡಿ ಹರಡನ್ನು ಉಳುಕಿನಿಂದ ಒಂದಷ್ಟು ಕಾಪಾಡೀತು. ಮಂಡಿಯ ಹೊರೆಯನ್ನು ಇಳಿಸದು.

ಹಾಗಾದರೆ ನಮ್ಮ ಅಜ್ಜಿಯರಂತೆ ಬರಿಗಾಲೇ ಲೇಸೆನ್ನೋಣವೆ? ಈ ಪಕ್ಷಕ್ಕೂ ಆಧಾರವಿಲ್ಲದೆ ಇಲ್ಲ. ನಮ್ಮ ರಾಜ್ಯದ ಕಸ್ತೂರಬಾ ಮೆಡಿಕಲ್ ಕಾಲೇಜಿನ ವೈದ್ಯರಾದ ರಾವ್ ಮತ್ತು ಜೋಸೆಫ್ ಎಂಬುವರು 2300 ಮಕ್ಕಳ ಹೆಜ್ಜೆಯ ಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಲೇಖನ ಪ್ರಪಂಚದಾದ್ಯಂತ ಹೆಸರಾಗಿದೆ. ಜೋಡು ತೊಡುವ ಮಕ್ಕಳಲ್ಲಿ ಶೇಕಡ 8.6 ಮಂದಿಗೆ ಪಾದದ ಬಿಲ್ಲು ಏಳದೆ ಚಪ್ಪಟೆಯಾಗಿತ್ತು. ಬರಿಗಾಲಿನ ಮಕ್ಕಳಲ್ಲಿ ಶೇಕಡ 2.8 ಮಂದಿಗೆ. ಬೆರಳು ಮುಚ್ಚಿದ ಬೂಟಿಗಿಂತ ತೆರೆದ ಚಪ್ಪಲಿ ಮೇಲೆಂದೂ ಅವರು ಕಂಡರು. ಎಳವೆಯ ಪಾದಕ್ಕೆ ನೆಲವೇ ಗುರು ಎಂಬ ಮಾತಿಗೆ ಇದಕ್ಕಿಂತ ಪ್ರಮಾಣ ಬೇಕಿಲ್ಲ.

ಆದರೆ ಬರಿಗಾಲಿಗೆ ತೆರಬೇಕಾದ ಬೆಲೆಯನ್ನೂ ನಮ್ಮ ಹಳ್ಳಿಗಳು ಬಲ್ಲುವು. ನಾಟಿಯ ಕಾಲದಲ್ಲಿ ಬೆರಳುಸಂದಿಯ ಕೆಸರುಹುಣ್ಣು, ಬೇಸಗೆಯಲ್ಲಿ ರಕ್ತ ಒಸರುವಂತೆ ಒಡೆದ ಹಿಮ್ಮಡಿ, ಕಬ್ಬಿನ ಕೂಳೆಯ ಚುಚ್ಚು, ಮಣ್ಣಿನಿಂದ ಅಂಗಾಲಿನ ಚರ್ಮವನ್ನು ಕೊರೆದು ಒಳಹೋಗುವ ಕೊಕ್ಕೆಹುಳು, ಗದ್ದೆಯ ಬದುವಿನ ಹಾವು, ಇವೆಲ್ಲ ಬರಿಗಾಲಿನ ಪಾಲಿಗೆ ಬಂದುವು. ಸಕ್ಕರೆಯ ನಾಡೆಂದು ಹೆಸರಾದ ಜಿಲ್ಲೆಯಲ್ಲಿ ಸಕ್ಕರೆಯ ಕಾಯಿಲೆಯೂ ಉಂಟು. ಆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯದು. ಸಣ್ಣ ಗಾಯ ಬಲಿತು ಕಾಲನ್ನೇ ಕಳೆಯುವ ಸ್ಥಿತಿ ಬರಬಹುದು. ಅಂತಹವರು ಮನೆಯೊಳಗೂ ಮೆತ್ತನೆಯ ಚಪ್ಪಲಿಯಿಲ್ಲದೆ ತಿರುಗಬಾರದು. ಕಾಗದದಂತೆ ತೆಳುವಾದ ಅಗ್ಗದ ರಬ್ಬರಿನ ಚಪ್ಪಲಿಯಲ್ಲಿ ದಿನವೆಲ್ಲ ಸಿಮೆಂಟಿನ ಮೇಲೆ ನಿಂತರೂ ಅಂಗಾಲಿನ ಹೆದೆ ನೊಂದುಕೊಳ್ಳುತ್ತದೆ. ಬೆಳಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆಯಿಟ್ಟಾಗ ಹಿಮ್ಮಡಿಯಲ್ಲಿ ಮೊಳೆ ಹೊಡೆದಂತಾಗುವ ನೋವಿಗೆ ಅನೇಕವೇಳೆ ಇದೇ ಕಾರಣ. ಆದುದರಿಂದ ತೀರ ಎತ್ತರವೂ ಬೇಡ, ತೀರ ಚಪ್ಪಟೆಯೂ ಬೇಡ.

ಇಷ್ಟನ್ನು ಹೇಳಿ, ತಾಯಂದಿರೇ, ಹೀಲ್ಸ್ ಬಿಡಿ ಎಂದು ಉಪದೇಶ ಮಾಡಿ ಮುಗಿಸುವುದು ಸುಲಭ. ಹಾಗೆ ಮಾಡಿದರೆ ಅರ್ಧ ಮಾತ್ರ ನ್ಯಾಯವಾದೀತು. ಹಬ್ಬಕ್ಕೋ ಮದುವೆಗೋ ಒಂದು ಸಂಜೆ ತನ್ನ ಸಂತೋಷಕ್ಕೆ ಹೀಲ್ಸ್ ತೊಟ್ಟವಳ ವಿಷಯದಲ್ಲಿ ನಮಗೇನೂ ಹೇಳಬೇಕಾದುದಿಲ್ಲ. ಕೆಲಸಕ್ಕೆ ಬಂದವಳಿಗೆ ಇಂತಹುದನ್ನೇ ತೊಡು ಎಂದು ಯಜಮಾನನು ವಿಧಿಸಿದಾಗ ಅದು ರುಚಿಯ ವಿಷಯವಾಗಿ ಉಳಿಯುವುದಿಲ್ಲ. 2015ರ ಡಿಸೆಂಬರಿನಲ್ಲಿ ಲಂಡನ್ನಿನ ಒಂದು ಕಚೇರಿಯ ಸ್ವಾಗತದ ಕೆಲಸಕ್ಕೆ ಚಪ್ಪಟೆ ಜೋಡು ತೊಟ್ಟು ಬಂದ ನಿಕೋಲಾ ಥಾರ್ಪ್ ಎಂಬಾಕೆಯನ್ನು ಆ ದಿನದ ಸಂಬಳವಿಲ್ಲದೆ ಮನೆಗೆ ಕಳುಹಿಸಲಾಯಿತು. ಆಕೆ ಸಲ್ಲಿಸಿದ ಅರ್ಜಿಗೆ ಒಂದೂವರೆ ಲಕ್ಷದಷ್ಟು ಜನ ಸಹಿ ಹಾಕಿದರು. ಪಾರ್ಲಿಮೆಂಟಿನಲ್ಲಿ ಚರ್ಚೆ ನಡೆಯಿತು. 2017ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವೂ, ಫಿಲಿಪ್ಪೀನ್ಸ್ ದೇಶವೂ ಎತ್ತರದ ಹಿಮ್ಮಡಿಯನ್ನು ಕಡ್ಡಾಯಮಾಡಕೂಡದೆಂದು ನಿಯಮಿಸಿದುವು. 2019ರಲ್ಲಿ ಜಪಾನಿನ ಯುಮಿ ಇಶಿಕಾವಾ ಎಂಬಾಕೆ ಇದೇ ಚಳವಳಿಯನ್ನು ಹೂಡಿದಳು. ಜಪಾನೀ ಭಾಷೆಯಲ್ಲಿ ಕುತ್ಸು ಎಂದರೆ ಜೋಡು, ಕುತ್ಸೂ ಎಂದರೆ ನೋವು; ಒಂದು ದೀರ್ಘಕ್ಕೆ ಇಷ್ಟು ಅರ್ಥ ತುಂಬಿದ್ದು ಆ ಚಳವಳಿಯ ಹೆಸರಿನಲ್ಲಿ.

ನಮ್ಮಲ್ಲಿ ಹೀಲ್ಸ್‌ಗಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಅದು ನಿಲುವಿನ ಪ್ರಶ್ನೆ. ಗಿರಾಕಿ ಇರಲಿ ಇಲ್ಲದಿರಲಿ, ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರಬೇಕೆಂಬುದು ಅನೇಕ ಅಂಗಡಿಗಳ ಪದ್ಧತಿ. ಒಳ್ಳೆಯ ಜೋಡನ್ನು ತೊಟ್ಟರೂ ಹತ್ತು ಗಂಟೆ ನಿಂತ ಕಾಲು ಊದಿಕೊಳ್ಳುತ್ತದೆ, ರಕ್ತನಾಳ ಉಬ್ಬುತ್ತದೆ. ಹೈ ಹೀಲ್ಸ್ ಅದಕ್ಕೆ ಸೇರಿದರೆ ಕೇಳಬೇಕಾದುದೇ ಇಲ್ಲ. ನಿಂತು ಕೆಲಸ ಮಾಡುವವರಿಗೆ ಕುಳಿತುಕೊಳ್ಳುವ ಏರ್ಪಾಡು ಇರತಕ್ಕದ್ದೆಂದು 1948ರ ಕಾರ್ಖಾನೆಗಳ ಕಾಯಿದೆಯಲ್ಲಿಯೇ ವಿಧಿಸಲಾಗಿತ್ತು. ಅಂಗಡಿಗಳ ಹೆಂಗಸರಿಗೆ ಅದು ದೊರೆತದ್ದು ಬಹಳ ತಡವಾಗಿ. ಕಲ್ಲಿಕೋಟೆಯ ಜವಳಿ ಅಂಗಡಿಗಳ ಹೆಂಗಸರ ಹೋರಾಟದ ಫಲವಾಗಿ 2018ರಲ್ಲಿ ಕೇರಳವೂ, 2021ರಲ್ಲಿ ತಮಿಳುನಾಡೂ ಅಂಗಡಿಯ ಕೆಲಸಗಾರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕಾಯಿದೆಯಿಂದ ಕೊಟ್ಟುವು. ಒಂದು ಮಣೆಯಷ್ಟು ಜಾಗಕ್ಕಾಗಿ ಶಾಸನ ಬೇಕಾಯಿತೆಂಬುದು ಹೆಮ್ಮೆಯ ಸಂಗತಿಯಲ್ಲ. ನನ್ನ ಮಾತನ್ನು ಕೇಳುತ್ತಿರುವವರಲ್ಲಿ ಅಂಗಡಿಯ ಯಜಮಾನರು, ಕಚೇರಿಯ ಮೇಲಧಿಕಾರಿಗಳು, ಶಾಲೆಯ ಆಡಳಿತದವರು ಇದ್ದರೆ, ಅವರು ಶಾಸನಕ್ಕಾಗಿ ಕಾಯಬೇಕಾಗಿಲ್ಲ. ನಾಲ್ಕು ಸ್ಟೂಲುಗಳ ಖರ್ಚು ದೊಡ್ಡದೇನಲ್ಲ.

ಇನ್ನು ತೊಡುವವರಿಗೆ ಕೆಲವು ಸೂಚನೆಗಳು. ಜೋಡನ್ನು ಸಂಜೆಯ ಹೊತ್ತು ಕೊಳ್ಳಬೇಕು. ದಿನದ ದುಡಿಮೆಯಿಂದ ಪಾದ ಆಗ ಸ್ವಲ್ಪ ಊದಿರುತ್ತದೆ, ಬೆಳಗ್ಗೆ ಸರಿಹೊಂದಿದ್ದು ಸಂಜೆಗೆ ಬಿಗಿಯಾಗುತ್ತದೆ. ಅಂಗಡಿಗೆ ಹೋಗುವ ಮೊದಲು ಒಂದು ಕಾಗದದ ಮೇಲೆ ನಿಂತು ಎರಡು ಪಾದದ ಸುತ್ತಲೂ ಸೀಸದಕಡ್ಡಿಯಿಂದ ಗೆರೆಯೆಳೆಸಿಕೊಳ್ಳಿ. ಕೊಳ್ಳಬೇಕೆಂದಿರುವ ಜೋಡನ್ನು ಆ ಗೆರೆಯ ಮೇಲಿಟ್ಟಾಗ ಪಾದ ಹೊರಗೆ ಉಳಿದರೆ ಅದು ನಿಮ್ಮ ಜೋಡಲ್ಲ. ದೊಡ್ಡ ಪಾದದ ಅಳತೆಯನ್ನೇ ಹಿಡಿಯಿರಿ. ಅತ್ಯಂತ ಉದ್ದವಾದ ಬೆರಳಿನ ಮುಂದೆ ಅರ್ಧ ಅಂಗುಲ ಬಿಡುವಿರಲಿ. ದಿನನಿತ್ಯದ ಕೆಲಸಕ್ಕೆ ಹಿಮ್ಮಡಿ ಒಂದು ಒಂದೂವರೆ ಅಂಗುಲವನ್ನು ಮೀರದಿರಲಿ, ಅಗಲವಾಗಿರಲಿ, ಹಿಂದೆ ಪಟ್ಟಿಯಿರಲಿ. ಪಟ್ಟಿಯಿಲ್ಲದ ಚಪ್ಪಲಿಯನ್ನು ಹಿಡಿದಿಡಲು ಬೆರಳುಗಳು ಪ್ರತಿ ಹೆಜ್ಜೆಗೂ ಮುಷ್ಟಿಕಟ್ಟಬೇಕಾಗುತ್ತದೆ. ಗರ್ಭಿಣಿಯರ ಪಾದ ಅಗಲವೂ ಉದ್ದವೂ ಆಗುವುದುಂಟು. ಹೆರಿಗೆಯಾದ ಮೇಲೆ ಹಳೆಯ ಅಳತೆಯನ್ನು ನಂಬದೆ ಹೊಸದಾಗಿ ಅಳೆಯಬೇಕು. ಬಹುಕಾಲ ಹೀಲ್ಸ್ ತೊಟ್ಟವರು ಒಂದೇ ದಿನ ಚಪ್ಪಟೆಗೆ ಇಳಿಯಬಾರದು. ಕುಗ್ಗಿದ ಮೀನಖಂಡ ಎಳೆದುಕೊಳ್ಳುತ್ತದೆ. ವಾರಗಟ್ಟಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಗೋಡೆಗೆ ಕೈಕೊಟ್ಟು, ಒಂದು ಕಾಲನ್ನು ಹಿಂದಕ್ಕಿಟ್ಟು, ಹಿಮ್ಮಡಿಯನ್ನು ನೆಲಕ್ಕೆ ಊರಿ ಅರ್ಧ ನಿಮಿಷ ನಿಂತರೆ ಮೀನಖಂಡ ಚಾಚುತ್ತದೆ. ಅಡಿಗೆಮನೆಯಲ್ಲಿ ಹಾಲು ಕಾಯುವಷ್ಟು ಹೊತ್ತಿನಲ್ಲಿ ಇದನ್ನು ಮುಗಿಸಬಹುದು.

ಕಾಲು ಉಳುಕಿದಾಗ ಬಿಸಿಯೆಣ್ಣೆ ಹಚ್ಚಿ ತಿರುಚಿ ಉಳುಕು ತೆಗೆಸುವ ವಾಡಿಕೆ ನಮ್ಮ ಊರುಗಳಲ್ಲಿ ಇನ್ನೂ ಇದೆ. ಹರಿದ ಕಟ್ಟನ್ನು ಆ ಹೊತ್ತಿನಲ್ಲಿ ತಿರುಚುವುದು ಗಾಯಕ್ಕೆ ಗಾಯ ಸೇರಿಸಿದಂತೆ. ಮೊದಲ ದಿನಗಳಲ್ಲಿ ತಣ್ಣೀರಿನ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾದ ಕಟ್ಟು, ದಿಂಬಿನ ಮೇಲೆ ಎತ್ತಿಟ್ಟ ಕಾಲು, ಇಷ್ಟೇ ಉಪಚಾರ. ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ, ಅಥವಾ ಗಿಣ್ಣಿನ ಮೂಳೆಯನ್ನೇ ಒತ್ತಿದಾಗ ನೋವಾದರೆ, ಎಕ್ಸ್-ರೇ ತೆಗೆಸಬೇಕು. ಇದಕ್ಕಾಗಿ ಬೆಂಗಳೂರಿಗೆ ಓಡಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಗಳಿವೆ, ಮಂಡ್ಯದಲ್ಲಿಯೂ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿಯೂ ವೈದ್ಯಕೀಯ ಕಾಲೇಜುಗಳಿವೆ.

ಹೊಸಹೊಳಲಿನ ಹೊಯ್ಸಳ ದೇವಾಲಯವನ್ನು ನೋಡಲು ಹೋದಾಗ ಜೋಡನ್ನು ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ. ತಂಪಾದ ಕಲ್ಲಿನ ಮೇಲೆ ಪಾದವೂರಿದಾಗ ಬೆರಳುಗಳು ತಾವಾಗಿಯೇ ಬಿಡಿಸಿಕೊಂಡು ಅಗಲವಾಗುತ್ತವೆ. ಪಾದದ ನಿಜವಾದ ಆಕಾರ ಅದು. ಆ ಆಕಾರಕ್ಕೆ ತಕ್ಕಂತೆ ಜೋಡನ್ನು ಹೊಲಿಯಬೇಕೇ ಹೊರತು, ಜೋಡಿಗೆ ತಕ್ಕಂತೆ ಪಾದವನ್ನು ಹಿಂಡಬಾರದು. ಕೃಷ್ಣರಾಜಪೇಟೆಯ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಅವಳ ಓದನ್ನು ನೋಡಲಿ, ಮಾತನ್ನು ನೋಡಲಿ, ಕೆಲಸದ ಅಚ್ಚುಕಟ್ಟನ್ನು ನೋಡಲಿ. ಅವಳ ಎತ್ತರ ಅವಳಿಗೇ ಇರಲಿ.